ಪಾರ್ಟಿ ಹೋದರೂ ಉದ್ರಿ ಹೋಗಲಿಲ್ಲ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಲೆಕ್ಕದ ಸಾಫ್ಟ್‌ವೇರ್ ನಮ್ಮ ಹುಬ್ಬಳ್ಳಿ ಆಫೀಸಿಗೆ ರಿಪೇರಿಗೆ ಬಂತು. ಗಿರಾಕಿಗಳ ಟೇಬಲ್ ಹೆಸರು 'ಪಾರ್ಟಿ_ಹೊಸ_ಫೈನಲ್_2'. ಒಂದು ಕಾಲಂ ಹೆಸರು ಬರೀ 'ಎಕ್ಸ್‌ಎಕ್ಸ್'. ಅದು ಫೋನ್ ನಂಬರ್ ಅಂತ ಪತ್ತೆ ಹಚ್ಚುವಷ್ಟರಲ್ಲಿ ಎರಡು ಸಲ ಚಹಾ ಬಂದು ಹೋಗಿತ್ತು. ಬರೆದ ಪುಣ್ಯಾತ್ಮ ಯಾರೋ!

ಹೆಸರು ಬದಲಿಸೋಣ ಅಂದೆ. ಸಾಹುಕಾರರ ಎದೆ ಧಸಕ್ ಅಂತು.

"ಪಾರ್ಟಿನ ತೆಗೆದ್ರ ನನ್ನ ಉದ್ರಿ ಯಾರ ಕಡೆ ಕೇಳಲ್ರಿ?"

ಕೇಳಬೇಕಾದ ಪ್ರಶ್ನೆಯೇ. ಬಿಲ್ಲಿನ ಪ್ರತಿ ಸಾಲೂ ಫಾರಿನ್ ಕೀ, ಅಂದರೆ ಒಂದು ಟೇಬಲ್ಲನ್ನು ಇನ್ನೊಂದಕ್ಕೆ ಕಟ್ಟುವ ಕೊಂಡಿ, ಹಿಡಿದುಕೊಂಡು ಆ ಟೇಬಲ್‌ಗೇ ಜೋತುಬಿದ್ದಿತ್ತು. ನಾನು ಸ್ಟೇಷನ್ ಕಡೆ ಕೈ ತೋರಿಸಿದೆ. 2014ರಲ್ಲಿ 'ಹುಬ್ಳಿ' ಹೋಗಿ ಇಂಗ್ಲಿಷಿನಲ್ಲೂ ಹುಬ್ಬಳ್ಳಿ ಆಯಿತು. 2020ರಲ್ಲಿ ಸ್ಟೇಷನ್‌ಗೆ ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಬಂತು. ಕೋಡ್ ಮಾತ್ರ ಅದೇ ಯುಬಿಎಲ್. ರೈಲು ತಪ್ಪಿಸಿಕೊಂಡು ಗದಗಿಗೆ ಹೋಯಿತೇನು? ಈ ಲೆಕ್ಕವೆಲ್ಲಾ ಕೂತಿದ್ದ ಡೇಟಾಬೇಸ್ ಪೋಸ್ಟ್‌ಗ್ರೆಸ್ ಕೂಡ ಪ್ರತಿ ಟೇಬಲ್‌ಗೆ ಒಳಗೊಳಗೇ ಒಂದು ನಂಬರ್ ಕೊಟ್ಟಿರುತ್ತದೆ. ಫಾರಿನ್ ಕೀ ನಂಬಿಕೊಂಡಿರುವುದು ಆ ನಂಬರನ್ನು. ಹೆಸರು ಬರೀ ಬೋರ್ಡು.

ನನಗೆ ಭಯವಿದ್ದದ್ದು ಜ್ಯಾಂಗೋದ್ದು, ಅಂದರೆ ಆ ಸಾಫ್ಟ್‌ವೇರ್ ಕಟ್ಟಲು ಬಳಸಿದ್ದ ಚೌಕಟ್ಟಿನದು. ಕಾಲಂ ಹೆಸರು ತಿದ್ದಿದರೆ ಅದು "ರಿನೇಮ್ ಮಾಡಿದ್ರಾ?" ಅಂತ ಕೇಳುತ್ತದೆ. ಸುಮ್ನೆ ಎಂಟರ್ ಒತ್ತಿದರೆ 'ಇಲ್ಲ' ಅಂತಲೇ ಲೆಕ್ಕ. ಹಳೆ ಕಾಲಂ ಕಿತ್ತುಹಾಕಿ ಹೊಸದನ್ನು ಕೂರಿಸುವ ಮೈಗ್ರೇಷನ್, ಅಂದರೆ ಡೇಟಾಬೇಸ್ ಬದಲಿಸುವ ಫೈಲು, ಬರೆದುಕೊಡುತ್ತದೆ. ಓಡಿಸಿದರೆ ಫೋನ್ ನಂಬರೆಲ್ಲಾ ಖಲ್ಲಾಸ್. ನಮ್ಮ ಹುಡುಗ ಗಿರ್ಮಿಟ್ ತಿನ್ನುತ್ತಾ ಎಂಟರ್ ಕಡೆ ಬೆರಳು ಚಾಚಿದ. ನಾನು ಕೈ ಹಿಡಿದು ಎಳೆದೆ. ಡೇಟಾ ಉಳಿಯಿತು, ಗಿರ್ಮಿಟ್ ಕೀಬೋರ್ಡ್ ಪಾಲಾಯಿತು. ಸ್ಪೇಸ್ ಬಾರ್ ಕೆಳಗೆ ಚುರುಮುರಿ ಇವತ್ತಿಗೂ ಕರ್ರಂ ಅನ್ನುತ್ತದೆ.

ಟೇಬಲ್ ರಿನೇಮ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಉದ್ರಿ ಪೈಸೆಗೆ ಪೈಸೆ ಸರಿ. ಸಾಹುಕಾರರು ನಗುತ್ತಾ ಬಾಕಿ ರಿಪೋರ್ಟ್ ಒತ್ತಿದರು. ಪರದೆ ತುಂಬಾ ಕೆಂಪು: 'ಪಾರ್ಟಿ_ಹೊಸ_ಫೈನಲ್_2' ಎಂಬುದೇ ಇಲ್ಲ!

"ಓಡಿ ಹೋತಲ್ರೀ ಪಾರ್ಟಿ!"

ಓಡಿ ಹೋಗಿರಲಿಲ್ಲ. ವ್ಯೂಗಳು, ಅಂದರೆ ಡೇಟಾಬೇಸ್‌ನಲ್ಲಿ ಉಳಿಸಿಟ್ಟ ಪ್ರಶ್ನೆಗಳು, ಹೊಸ ಹೆಸರಿಗೆ ತಾವೇ ಹೊಂದಿಕೊಂಡಿದ್ದವು. ಆದರೆ ರಿಪೋರ್ಟ್ ಬರುತ್ತಿದ್ದದ್ದು ಒಂದು ಫಂಕ್ಷನ್‌ನಿಂದ, ಅಂದರೆ ಡೇಟಾಬೇಸ್ ಒಳಗೇ ಬರೆದಿಟ್ಟ ಪುಟ್ಟ ಪ್ರೋಗ್ರಾಂನಿಂದ. ಅದರ ಹೊಟ್ಟೆಯಲ್ಲಿರುವ ಎಸ್‌ಕ್ಯೂಎಲ್ (ಡೇಟಾಬೇಸ್ ಜೊತೆ ಮಾತಾಡುವ ಭಾಷೆ) ಪೋಸ್ಟ್‌ಗ್ರೆಸ್ ಪಾಲಿಗೆ ಬರೀ ಅಕ್ಷರ, ಓಡಿಸುವವರೆಗೂ ಅದರ ಕಡೆ ತಿರುಗಿ ನೋಡುವುದಿಲ್ಲ. ಅಲ್ಲಿ ಹೆಸರು ತಿದ್ದಿದ ಮೇಲೆ ರಿಪೋರ್ಟ್ ಬಂತು.

ಫಾರಿನ್ ಕೀಗೆ ಇಟ್ಟ ಹೆಸರಲ್ಲಿ ಮಾತ್ರ ಹಳೆ ಪಾರ್ಟಿ ಇನ್ನೂ ಇದೆ. ಅದನ್ನು ಬೇರೆಯಾಗಿಯೇ ರಿನೇಮ್ ಮಾಡಬೇಕು. ಕೇಳಿದ್ದಕ್ಕೆ ಸಾಹುಕಾರರು ಕೈ ಮುಗಿದರು: "ಸೀಸನ್ ಮುಗೀಲಿ, ಅಲ್ಲೀತನಕ ಕೈ ಹಚ್ಚಬ್ಯಾಡ್ರಿ."