ಕಟ್ಟಿದ ಕೆರೆಗೂ ಕಾವಲು ಬೇಕು

ಫೆಬ್ರವರಿ ಬಂತೆಂದರೆ ಸೊಲ್ಲಾಪುರದಲ್ಲಿ ಮಧ್ಯಾಹ್ನದ ಬಿಸಿಲು ಆಗಲೇ ಚುರುಗುಟ್ಟುತ್ತದೆ. ಆದರೆ ಬೆಳಿಗ್ಗೆ ಆರಕ್ಕೆ ತುಳಜಾಪುರ ರಸ್ತೆ ಹಿಡಿದು ಹಿಪ್ಪರಗಾ ಕೆರೆಗೆ ಬೈಕಿನಲ್ಲಿ ಹೋಗಿ ನೋಡಿ, ಬೆರಳು ಮರಗಟ್ಟಿ ಬ್ರೇಕ್ ಹಿಡಿಯುವುದೇ ಕಷ್ಟ. ಮೊನ್ನೆ ಭಾನುವಾರ ನಾವು ಕೆಲವರು ಹೋದಾಗ ಎಲ್ಲರ ಮೈಮೇಲೂ ನಮ್ಮೂರ ಚಾದರ. ಏರಿ ಹತ್ತಿದರೆ ನೀರಿನ ಮೇಲೆ ಮಂಜು. ಆಚೆ ದಡ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಮೂಗಿನಿಂದ ಕೂಗಿದ ಹಾಗೆ ಆಂಗ್, ಆಂಗ್. ಪಟ್ಟೆತಲೆ ಹೆಬ್ಬಾತುಗಳು!

ಬಿಸಿಲೇರಿ ಮಂಜು ಸರಿದ ಮೇಲೆ ಒಂದೊಂದೇ ಹಕ್ಕಿ ಕಾಣತೊಡಗಿತು. ಕೆಸರಿನಲ್ಲಿ ಮೆಟ್ಟುಗಾಲು ಹಕ್ಕಿ, ಬಾಲ ಕುಣಿಸುವ ಹಳದಿ ಸಿಪಿಲೆ, ಜೋಡಿಜೋಡಿಯಾಗಿ ಜಕ್ಕವಕ್ಕಿ. ನೀರು ಇಳಿದಷ್ಟೂ ಕೆಸರು ಬಯಲಾಗುತ್ತದೆ, ಕೆಸರು ಬಯಲಾದಷ್ಟೂ ಹುಳಹುಪ್ಪಟೆ ಸಿಗುತ್ತವೆ. ಹಾಗಾಗಿ ನಮ್ಮ ಕಡೆ ಕೆರೆ ತುಂಬಿದಾಗಿಗಿಂತ ಹೀಗೆ ಅರ್ಧ ಬತ್ತಿದಾಗಲೇ ಹಕ್ಕಿ ಜಾಸ್ತಿ.

ನಾನು ಹೇಳಬೇಕಾದ್ದು ಮುಖ್ಯವಾಗಿ ಹೆಬ್ಬಾತಿನ ವಿಷಯ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡುವ ಹಕ್ಕಿ ಇದು. ತೂಕ ಎರಡು-ಮೂರು ಕಿಲೋ ಅಷ್ಟೇ. ಚಳಿಗಾಲಕ್ಕೆ ಹಿಮಾಲಯ ದಾಟಿ ನಮ್ಮ ಸೀಮೆಗೆ ಬರುತ್ತದೆ. ಇವುಗಳ ಮೈಗೆ ಜಿಪಿಎಸ್ ಕಟ್ಟಿ ನೋಡಿದ ವಿಜ್ಞಾನಿಗಳಿಗೆ 7,000 ಮೀಟರಿಗೂ ಮೇಲೆ ಹಾರಿದ ದಾಖಲೆ ಸಿಕ್ಕಿದೆ. ಅದೂ ರೆಕ್ಕೆ ಬಡಿದು ಬಡಿದೇ. ಹದ್ದು ಗಾಳಿಯ ಮೇಲೆ ತೇಲುತ್ತಾ ಏರುತ್ತದೆ, ಇದಕ್ಕೆ ಆ ಸುಖ ಇಲ್ಲ. ಮಾರ್ಚ್ ಹೊತ್ತಿಗೆ ಅದೇ ದಾರಿಯಲ್ಲಿ ವಾಪಸ್ ಹೋಗಬೇಕು. ಆ ಪ್ರಯಾಣಕ್ಕೆ ಬೇಕಾದ ಕೊಬ್ಬನ್ನು ಈಗ, ಈ ಕೆಲವು ವಾರಗಳಲ್ಲೇ, ಹುಲ್ಲು ಕಾಳು ತಿಂದು ಮೈಗೆ ಹತ್ತಿಸಿಕೊಳ್ಳಬೇಕು.

ದಡದ ಹುಲ್ಲಿನಲ್ಲಿ ಒಂದು ಹಿಂಡು ಮೇಯುತ್ತಿತ್ತು. ಎಲ್ಲದರ ತಲೆಯೂ ಕೆಳಗೆ. ಬಿಳಿ ತಲೆಯ ಹಿಂಭಾಗಕ್ಕೆ ಎರಡು ಕಪ್ಪು ಪಟ್ಟಿ, ಹಳದಿ ಕೊಕ್ಕು. ನಾವು ನಾಲ್ಕು ಹೆಜ್ಜೆ ಮುಂದಿಟ್ಟೆವು. ಅಂಚಿನಲ್ಲಿದ್ದ ಒಂದು ಕತ್ತು ನೆಟ್ಟಗೆ ಮಾಡಿತು. ಆಮೇಲೆ ಅದರ ಪಕ್ಕದ್ದು, ಆಮೇಲೆ ಇನ್ನೂ ಹಲವು. ಮೇಯುವುದು ನಿಂತೇಹೋಯಿತು. ಅಲ್ಲೇ ಕುಳಿತುಬಿಟ್ಟೆವು. ಸ್ವಲ್ಪ ಹೊತ್ತಿಗೆ ತಲೆಗಳು ಮತ್ತೆ ಒಂದೊಂದಾಗಿ ಕೆಳಗಿಳಿದವು. ಹಕ್ಕಿ ನೋಡಲು ಹೋಗುವವರು ಇದೊಂದನ್ನು ತಿಳಿದುಕೊಂಡರೆ ಸಾಕು. ಕತ್ತು ಎದ್ದಿತು ಅಂದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ.

ಅಷ್ಟರಲ್ಲಿ ಆ ಬದಿಯಿಂದ ದೊಡ್ಡ ಕ್ಯಾಮೆರಾದವರು ಬಂದರು. ಹಾರುವ ಫೋಟೋ ಬೇಕಿತ್ತು. ಒಬ್ಬರು ಚಪ್ಪಾಳೆ ತಟ್ಟುತ್ತಾ ಹಿಂಡಿನ ಕಡೆಗೇ ನಡೆದರು. ಇಡೀ ಹಿಂಡು ಎದ್ದಿತು. ಕೆರೆಯ ಮೇಲೆ ಸುತ್ತು ಹಾಕಿ ಇಳಿಯುವಷ್ಟರಲ್ಲಿ ಡ್ರೋನ್ ಮೇಲೇರಿತು, ಮತ್ತೆ ಎದ್ದವು. ನನಗೆ ಹೊಟ್ಟೆ ಉರಿದುಹೋಯಿತು. ಕೂಡಿಟ್ಟಿದ್ದ ಶಕ್ತಿ ಹೀಗೆ ಸುಮ್ನೆ ಖರ್ಚಾಗುತ್ತದೆ, ಒಂದು ಲೈಕಿಗೋಸ್ಕರ. ಪಕ್ಕದ ಹೊಲದ ಅಜ್ಜ ಅಲ್ಲಿಂದಲೇ ಕೂಗಿದರು, "ಏ ತಮ್ಮಾ, ಯಾಕ ಎಬ್ಬಸ್ತೀರಿ ಅವನ್ನ? ಮೇಯಾಕ ಬಿಡ್ರಿ." ಆಮೇಲೆ ನಮ್ಮ ಹತ್ತಿರ ಬಂದು, "ರಾತ್ರಿ ನನ್ನ ಕಡ್ಲಿ ಹೊಲಕ್ಕೂ ಬರ್ತಾವ್ರಿ. ತಿಂತಾವ, ಏನ್ ಮಾಡೂದು" ಅಂದರು. ಬೆಳೆ ಹೋದವರೇ ಹಕ್ಕಿಯ ಪರವಾಗಿ ಮಾತಾಡುತ್ತಿದ್ದರು. ಅವರ ಕಡಲೆಗೆ ಪರಿಹಾರ ಸಿಗಬೇಕು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಕ್ಯಾಮೆರಾದವರನ್ನು ತಡೆಯಲು ಅಲ್ಲಿ ಯಾರೂ ಇರಲಿಲ್ಲ. ದೇಶದ ಜೌಗುಪ್ರದೇಶಗಳಿಗೆಂದೇ 2017ರಲ್ಲಿ ಬಂದ ನಿಯಮಗಳಿವೆ. ಆದರೆ ಕುಡಿಯುವ ನೀರಿಗೆ, ನೀರಾವರಿಗೆ ಅಂತ ಮನುಷ್ಯರು ಕಟ್ಟಿದ ಕೆರೆಗಳನ್ನು ಅವು ಹೊರಗಿಟ್ಟಿವೆ. ಹಿಪ್ಪರಗಾ ಕೆರೆ ಬ್ರಿಟಿಷರ ಕಾಲದಲ್ಲಿ ಆದಿಲಾ ನದಿಗೆ ಒಡ್ಡು ಹಾಕಿ ನೀರಾವರಿಗೆ ಕಟ್ಟಿದ್ದು, 1871ರಲ್ಲಿ ಮುಗಿದದ್ದು. ಅಂದರೆ ಆ ನಿಯಮದ ಲೆಕ್ಕದಲ್ಲಿ ಇದು ಜೌಗುಪ್ರದೇಶವೇ ಅಲ್ಲ! ಈ ಒಣ ಸೀಮೆಯಲ್ಲಿ ಮನುಷ್ಯರು ಕಟ್ಟದ ಕೆರೆ ಎಲ್ಲಿದೆ ಹೇಳಿ? ಹನ್ನೆರಡನೇ ಶತಮಾನದಲ್ಲಿ ಸಿದ್ಧರಾಮ ಸೊನ್ನಲಿಗೆಯಲ್ಲಿ, ಅಂದರೆ ಇದೇ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ. ಆ ಪರಂಪರೆಯ ಊರು ನಮ್ಮದು. ಕಟ್ಟಿದ ಕೆರೆಗಳನ್ನು ಬಿಟ್ಟರೆ ಹಕ್ಕಿಗೆ ಇಲ್ಲಿ ಬೇರೆ ನೀರೇ ಇಲ್ಲ.

ಕಟ್ಟಿದ ಕೆರೆಗೆ ಮಾನ್ಯತೆ ಸಿಗುವುದೇ ಇಲ್ಲ ಅಂತೇನಿಲ್ಲ. 2020ರಲ್ಲಿ ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಅಂತ ಘೋಷಣೆಯಾದ ನಾಶಿಕ್ ಜಿಲ್ಲೆಯ ನಾಂದೂರ ಮಧ್ಯಮೇಶ್ವರ, ಗೋದಾವರಿಗೆ ಕಟ್ಟಿದ ಒಡ್ಡಿನ ಹಿಂದೆ ನಿಂತ ನೀರು. 2024ರಲ್ಲಿ ಆ ಪಟ್ಟಿ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಕಟ್ಟಿದ್ದೇ. ಅಲ್ಲಿಗೂ ಬರುವುದು ಇದೇ ಹೆಬ್ಬಾತು. ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರವೂ ಊರ ಕೆರೆಯೇ. ಮಾಗಡಿ, ಅಂಕಸಮುದ್ರ ಎರಡನ್ನೂ ವನ್ಯಜೀವಿ ಕಾಯ್ದೆಯಡಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ಸರ್ಕಾರಿ ಜಾಗವಾದರೆ ಸುತ್ತಲಿನ ಊರಿನವರ ಜೊತೆ ಮಾತಾಡಿ ಹೀಗೆ ಘೋಷಿಸಬಹುದು. ಅಲ್ಲಿ ವಾಸಿಸುವವರ ಹಕ್ಕುಗಳಿಗೆ ಕುತ್ತು ಬರುವುದಿಲ್ಲ. ಹಿಪ್ಪರಗಾಕ್ಕೂ ಇದೇ ಆಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈ ಜಿಲ್ಲೆಯಲ್ಲೇ ಮಾಳಢೋಕ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆಂದು 1979ರಲ್ಲಿ ಅಭಯಾರಣ್ಯ ಮಾಡಿದರು. ಈಗ ಆ ಹಕ್ಕಿ ಕಾಣುವುದೇ ಅಪರೂಪ. ಹೆಬ್ಬಾತಿನ ವಿಷಯದಲ್ಲಿ ಅಷ್ಟು ದಿನ ಕಾಯುವುದು ಬೇಡ, ಅಲ್ವಾ?

ಘೋಷಣೆ ಆಗುವವರೆಗೆ ಈ ಕೆರೆಗೆ ಕಾವಲು ನಾವೇ. ಈ ತಿಂಗಳೊಳಗೆ ಹೋಗಿ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಡ್ರೋನ್ ಮನೆಯಲ್ಲಿರಲಿ. ಏರಿ ಮೇಲೆ ಕೂತು ಬೈನಾಕ್ಯುಲರ್‌ನಲ್ಲಿ ನೋಡಿ, ಬುತ್ತಿಯ ಕಡಕ್ ರೊಟ್ಟಿ, ಸೇಂಗಾ ಚಟ್ನಿ ತಿನ್ನಿ. ನೋಡಿದ ಹಕ್ಕಿಗಳನ್ನು ಎಣಿಸಿ ಆವತ್ತೇ ಹಕ್ಕಿ ಲೆಕ್ಕ ದಾಖಲಿಸುವ ಆನ್‌ಲೈನ್ ತಾಣ ಇ-ಬರ್ಡ್‌ಗೆ ಹಾಕಿ. ಅರಣ್ಯ ಇಲಾಖೆಗೆ ಕೊಡುವ ಮನವಿ ಬರೆಯುತ್ತಿದ್ದೇವೆ. ಅದರ ಜೊತೆ ಇಡಲು ಈ ಲೆಕ್ಕಗಳು ಬೇಕು. ಸಹಿ ಹಾಕುವವರು ಕೆಳಗೆ ಹೆಸರು ಬರೆಯಿರಿ.