ಊರಲ್ಲಿ ಖರ್ಚು ಕಮ್ಮಿ ಅನ್ನುವುದು ಯಾರ ಲೆಕ್ಕ?

'ನಿಮಗೆಂತ ಮಾರಾಯ್ರೆ, ಉಡುಪಿಯಲ್ಲಿ ಖರ್ಚೇ ಇಲ್ಲ!' ಬೆಂಗಳೂರಿನಲ್ಲಿರುವ ನಮ್ಮವರು ಊರಿಗೆ ಬಂದಾಗಲೆಲ್ಲ ಹೇಳುವ ಮಾತಿದು. ಮನೆ ಬಾಡಿಗೆಯ ಮಟ್ಟಿಗೆ ನಿಜ, ಒಪ್ಪುತ್ತೇನೆ. ಆದರೆ ಇದೇ ಮಾತು ಹಿಡಿದುಕೊಂಡು ಇಲ್ಲಿನ ಅಂಗಡಿ, ಆಫೀಸುಗಳಲ್ಲಿ ಸಂಬಳ ಕಡಿಮೆ ಕೊಡುತ್ತಾರಲ್ಲ, ಅದಕ್ಕೆ ನನ್ನ ತಕರಾರು ಉಂಟು.

ಕರೆಂಟಿನ ದರ ಬೆಂಗಳೂರಿನ ಬೆಸ್ಕಾಂಗೂ ನಮ್ಮ ಮೆಸ್ಕಾಂಗೂ ಒಂದೇ. ಸೆಕೆ ಮಾತ್ರ ಒಂದೇ ಅಲ್ಲ. ಏಪ್ರಿಲ್, ಮೇಯಲ್ಲಿ ರಾತ್ರಿಯಿಡೀ ಫ್ಯಾನ್ ತಿರುಗಿದರೂ ಬೆವರು ಆರುವುದಿಲ್ಲ. ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದರೆ ಎಸಿ ಇಲ್ಲದೆ ಆಗುವುದಿಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಾವೇ ಕಟ್ಟಬೇಕು.

ಗ್ಯಾಸ್ ಕೂಡ ಹಾಗೆಯೇ. ಇಲ್ಲಿ ಉಣ್ಣುವ ಕುಚ್ಚಲಕ್ಕಿ ಬೇಯಲು ಬೆಳ್ತಿಗೆ (ಬಿಳಿ) ಅಕ್ಕಿಗಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಹಿತ್ತಲಲ್ಲಿ ಸೌದೆ ಒಲೆ ಇರುವವರಿಗೆ ಚಿಂತೆಯಿಲ್ಲ. ಫ್ಲ್ಯಾಟಿನಲ್ಲಿರುವವರಿಗೆ ಸಿಲಿಂಡರ್ ಬೇಗ ಮುಗಿಯುತ್ತದೆ.

'ಖರ್ಚು ಕಮ್ಮಿ' ಅನ್ನುವವರ ಕಣ್ಣಮುಂದೆ ಇರುವುದು ಸ್ವಂತ ಮನೆ, ಬಾವಿ, ಹಿತ್ತಲಿನ ನಾಲ್ಕು ತೆಂಗಿನಮರ. ಬಾಡಿಗೆ ಮನೆಯವರಿಗೆ ಇವು ಯಾವುದೂ ಇಲ್ಲ. 2025ರಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿದಾಗ ಮರ ಇದ್ದವರಿಗೆ ಆದಾಯ ಬಂತು, ಕಾಯಿ ಕೊಂಡು ತಿನ್ನುವವರು ಗಸಿಗೆ ಅರೆಯುವ ಕಾಯಿಯನ್ನೇ ಕಮ್ಮಿ ಮಾಡಿದರು. ಜೂನ್, ಜುಲೈಯಲ್ಲಿ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಆಗ ಬಂಗುಡೆ, ಬೂತಾಯಿ ಮೀನಿನ ರೇಟೂ ಕೈಗೆಟುಕುವುದಿಲ್ಲ. ಮಳೆ ಸುರಿಯುವ ಊರಾದರೂ 2019ರ ಮೇಯಲ್ಲಿ ಉಡುಪಿಗೆ ನೀರು ಕೊಡುವ ಬಜೆ ಅಣೆಕಟ್ಟೆ ಬತ್ತಿತ್ತು, ಮಂಗಳೂರಿನಲ್ಲಿ ಪಾಳಿಯ ಮೇಲೆ ನೀರು ಬಿಡುತ್ತಿದ್ದರು. ಬಾವಿ ಇಲ್ಲದವರು ಟ್ಯಾಂಕರ್ ನೀರಿಗೆ ದುಡ್ಡು ಕೊಟ್ಟರು.

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಬಸ್ಸಿನ ವಿಷಯದಲ್ಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಬೆಂಗಳೂರಿನ ಬಿಎಂಟಿಸಿಯಲ್ಲಿ, ಹುಬ್ಬಳ್ಳಿ-ಧಾರವಾಡದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರು ದುಡ್ಡಿಲ್ಲದೆ ಕೆಲಸಕ್ಕೆ ಹೋಗಿ ಬರುತ್ತಾರೆ. ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಓಡುವ ಹೆಚ್ಚಿನ ಬಸ್ಸುಗಳು ಖಾಸಗಿಯವು, ಅವುಗಳಲ್ಲಿ ಶಕ್ತಿ ಇಲ್ಲ. ಕಾಪುವಿನಿಂದ ಉಡುಪಿಯ ಬಟ್ಟೆ ಅಂಗಡಿಗೆ ಬರುವ ಹುಡುಗಿ, ಸುರತ್ಕಲ್‌ನಿಂದ ಮಂಗಳೂರಿನ ಆಸ್ಪತ್ರೆಗೆ ಡ್ಯೂಟಿಗೆ ಹೋಗುವ ನರ್ಸ್, ಗೇರುಬೀಜದ ಫ್ಯಾಕ್ಟರಿಯ ಅಕ್ಕಂದಿರು ದಿನಾ ಎರಡು ಹೊತ್ತೂ ಟಿಕೆಟ್ ತೆಗೆಯುತ್ತಾರೆ. ಎರಡು ಬಸ್ ಬದಲಿಸುವವರಿಗೆ ನಾಲ್ಕು ಟಿಕೆಟ್. ಆ ಹುಡುಗಿಯ ಸಂಬಳ ಬೆಂಗಳೂರಿನದ್ದಕ್ಕಿಂತ ಕಡಿಮೆ, ಬಸ್ಸಿನ ಖರ್ಚು ಮಾತ್ರ ಅಲ್ಲಿನವಳಿಗಿಲ್ಲದ್ದು ಇವಳಿಗುಂಟು.

ಖಾಸಗಿ ಬಸ್ಸಿನವರನ್ನು ನಾನು ದೂರುವುದಿಲ್ಲ. ಸರ್ಕಾರಿ ಬಸ್ ಬಾರದ ಮೂಲೆಮೂಲೆಗೂ ಅವರೇ ಹೋದದ್ದು. ಆದರೆ ತೆರಿಗೆ ನಾವೂ ಕಟ್ಟುತ್ತೇವೆ. ಮಂಗಳೂರು, ಉಡುಪಿ, ಮಣಿಪಾಲದ ಒಳರಸ್ತೆಗಳಿಗೆ ಸರ್ಕಾರಿ ಸಿಟಿ ಬಸ್ ಹೆಚ್ಚು ಬಿಡಿ. ಆಗುವುದಿಲ್ಲವಾದರೆ, ಸರ್ಕಾರಿ ಸಾರಿಗೆ ನಿಗಮಗಳಿಗೆ ಹೆಂಗಸರ ಶೂನ್ಯ ಟಿಕೆಟಿನ ಹಣ ತುಂಬಿಕೊಡುವ ಹಾಗೆ ಇಲ್ಲಿನ ಬಸ್ ಮಾಲಕರಿಗೂ ಕೊಟ್ಟು, ನಮ್ಮ ಹೆಣ್ಣುಮಕ್ಕಳ ಟಿಕೆಟ್ ಮನ್ನಾ ಮಾಡಿಸಿ. ನಮ್ಮ ಶಾಸಕರು ಯಾವ ಪಕ್ಷದವರೇ ಇರಲಿ, ಮುಂದಿನ ಅಧಿವೇಶನದಲ್ಲಿ ಇದನ್ನು ಕೇಳಲಿ.