ನಿಂತಲ್ಲೇ ಓಡುವ ಲಾರಿ

ವಿದ್ಯುತ್ ಕಂಪನಿಯ ವಾಹನ ವಿಭಾಗದವರು ಗುಡುಗು ಸಿಡಿಲಿಗೆ ಅಷ್ಟಾಗಿ ಹೆದರುವುದಿಲ್ಲ. ಹೆದರುವುದು ತಿಂಗಳ ಕೊನೆಯ ಕಿಲೋಮೀಟರ್ ಲೆಕ್ಕಕ್ಕೆ. ಊರವರ ಮನೆ ಮೀಟರೆಲ್ಲ ಓದಿ ಬಿಲ್ಲು ಕೊಡುವ ಕಂಪನಿಗೆ ತನ್ನ ಜೀಪಿನ ಮೀಟರ್ ಮಾತ್ರ ಓದಲು ಬರುವುದಿಲ್ಲ.

ಗಾಡಿಯ ಡೀಸೆಲ್ ಕಾರ್ಡ್ ಉಜ್ಜಿದೊಡನೆ ಬಂಕಿನ ಯಂತ್ರ ಕಿಲೋಮೀಟರ್ ರೀಡಿಂಗ್ ಕೇಳುತ್ತದೆ. ಡ್ರೈವರ್ ಅಷ್ಟರಲ್ಲಿ ಕೆಳಗಿಳಿದಾಗಿರುತ್ತದೆ. ಮತ್ತೆ ಹತ್ತಿ ನೋಡುವವರಾರು? 111111 ಒತ್ತಿದರೂ ಡೀಸೆಲ್ ಬರುತ್ತದಲ್ಲ. 86,420 ಎಂದು ಒತ್ತುವಲ್ಲಿ ಒಂದು ಅಂಕಿ ಬಿಟ್ಟು 8,642 ಎಂದರೆ, ಗಾಡಿ 77 ಸಾವಿರ ಕಿ.ಮೀ. ರಿವರ್ಸ್‌ನಲ್ಲೇ ಹೋಗಿದೆ ಎಂದು ಕಂಪ್ಯೂಟರ್ ನಂಬಿ, ಸರ್ವಿಸ್ ನೆನಪಿಸುವುದನ್ನೇ ಬಿಡುತ್ತದೆ. ಒಂದು ಅಂಕಿ ಹೆಚ್ಚಾಯಿತೋ, ಮುಂದಿನ ಹತ್ತು ವರ್ಷದ ಸರ್ವಿಸ್ ಇವತ್ತೇ ಬಾಕಿ. ಹಿಂದಿನ ರೀಡಿಂಗಿಗಿಂತ ಕಡಿಮೆ ಬಂದರೆ, ಅಥವಾ ಒಂದು ಟ್ಯಾಂಕಿನಲ್ಲಿ ಓಡಲಾಗದಷ್ಟು ಹೆಚ್ಚು ಬಂದರೆ ಎಚ್ಚರಿಸುವಂತೆ ಸಾಫ್ಟ್‌ವೇರ್‌ನಲ್ಲಿ ಮಿತಿ ಹಾಕಿಡಬೇಕು. ಎಚ್ಚರಿಕೆ ಸಾಕು, ಡೀಸೆಲ್ ನಿಲ್ಲಿಸಬಾರದು. ಬಿರುಗಾಳಿಯ ರಾತ್ರಿ ಲೈನ್‌ಮನ್‌ಗಳು ಬಂಕಿನಲ್ಲಿ ಸಿಕ್ಕಿಬಿದ್ದರೆ ಊರಿಡೀ ಕತ್ತಲು.

ಇಷ್ಟಾಗಿ, ರೀಡಿಂಗ್ ಸರಿಯಿದ್ದರೂ ಅದು ಪೂರ್ತಿ ನಿಜವಲ್ಲ. ಲೈನ್‌ಮನ್‌ನನ್ನು ತೊಟ್ಟಿಯಲ್ಲಿ ನಿಲ್ಲಿಸಿ ಕಂಬದೆತ್ತರಕ್ಕೆ ಏರಿಸುವ ಬಕೆಟ್ ಲಾರಿಯನ್ನೇ ನೋಡಿ. ಬೆಳಿಗ್ಗೆ 12 ಕಿ.ಮೀ. ಹೋಗಿ ಕಂಬದ ಪಕ್ಕ ನಿಲ್ಲುತ್ತದೆ. ಬಕೆಟ್ ಎತ್ತುವ ಹೈಡ್ರಾಲಿಕ್ ಪಂಪಿಗೆ ಶಕ್ತಿ ಬರುವುದು ಪಿಟಿಒ (ಎಂಜಿನ್ನಿನ ಶಕ್ತಿಯನ್ನು ಬೇರೆ ಯಂತ್ರಕ್ಕೆ ದಾಟಿಸುವ ಜೋಡಣೆ) ಮೂಲಕ ಲಾರಿಯ ಎಂಜಿನ್ನಿನಿಂದಲೇ. ಎಂಜಿನ್ ಆರು ಗಂಟೆ ಗುರುಗುಟ್ಟುತ್ತದೆ, ಚಕ್ರ ಅಲುಗುವುದಿಲ್ಲ. ಒಂದು ಗಂಟೆಯ ಐಡ್ಲಿಂಗ್, ಅಂದರೆ ನಿಂತಲ್ಲೇ ಎಂಜಿನ್ ಓಡುವುದು, ಸುಮಾರು 40 ಕಿ.ಮೀ. ಓಟಕ್ಕೆ ಸಮ ಎಂಬ ರೂಢಿಯ ಲೆಕ್ಕ ಹಿಡಿದರೆ, ಎಂಜಿನ್ನಿನ ಮಟ್ಟಿಗೆ ಅದು 240 ಕಿ.ಮೀ. ಆಡಿಟರ್ ಸಾಹೇಬರಿಗೆ ಕಾಣುವುದು 12 ಕಿಲೋಮೀಟರ್ ಮತ್ತು ಖಾಲಿ ಟ್ಯಾಂಕ್. ಡೀಸೆಲ್ ಕದ್ದವರು ಯಾರು ಎಂಬ ಮೆಮೊ ಮರುದಿನವೇ ಬರುತ್ತದೆ. ಇಂಥ ಗಾಡಿಗೆ ಆಯಿಲ್ ಬದಲಿಸುವುದನ್ನು ಎಂಜಿನ್ ಓಡಿದ ಗಂಟೆ ಎಣಿಸುವ ಅವರ್ ಮೀಟರ್ ನೋಡಿಯೇ ನಿರ್ಧರಿಸಬೇಕು. ಕಿಲೋಮೀಟರ್ ಕಾಯುತ್ತ ಕೂತರೆ ಆಯಿಲ್ ಡಾಂಬರಾಗಿರುತ್ತದೆ.

ಮೈಲೇಜ್ ಕೆಡಿಸುವ ಇನ್ನೊಬ್ಬ ಮಹಾಶಯ ಜನರೇಟರ್. ಅದರ ಕ್ಯಾನಿಗೂ ಲಾರಿಯ ಕಾರ್ಡೇ. ಕೊಂಬೆ ಕತ್ತರಿಸುವ ಗರಗಸವಂತೂ ಡೀಸೆಲ್ ಗಾಡಿಯ ಲೆಕ್ಕದಲ್ಲೇ ಪೆಟ್ರೋಲ್ ಕುಡಿಯುತ್ತದೆ. ಕ್ಯಾನುಗಳಿಗೆ ಬೇರೆ ಕಾರ್ಡ್ ಕೊಟ್ಟರೆ ಅರ್ಧ ಮೆಮೊ ಕಡಿಮೆ.

ಎಲ್ಲಕ್ಕಿಂತ ದುಬಾರಿ ಅಚಾತುರ್ಯ, ಡೀಸೆಲ್ ಗಾಡಿಯ ಹೊಗೆ ಶುದ್ಧಮಾಡಲು ಬಳಸುವ ಯೂರಿಯಾ ದ್ರಾವಣದ್ದು. ನೀಲಿ ಮುಚ್ಚಳದ ಪುಟ್ಟ ಟ್ಯಾಂಕಿಗೆ ಹೋಗಬೇಕಾದ, 32.5% ಯೂರಿಯಾ ಇರುವ ನೀರು ಅದು. ಅದರ ನಾಜಲ್ ಸಣ್ಣದು, ಡೀಸೆಲ್ ಟ್ಯಾಂಕಿನ ಬಾಯಿ ದೊಡ್ಡದು. ಹಾಗಾಗಿ ತಪ್ಪು ಜಾಗಕ್ಕೆ ಸಲೀಸಾಗಿ ಇಳಿಯುತ್ತದೆ. ಆಮೇಲೆ ಕೀ ತಿರುಗಿಸಲೇಬಾರದು; ತಿರುಗಿಸಿದರೆ ಪಂಪು ಆ ನೀರನ್ನು ಇಂಜೆಕ್ಟರ್‌ವರೆಗೆ ಎಳೆಯುತ್ತದೆ, ಅಲ್ಲಿ ತುಕ್ಕು, ಹರಳು ಎಲ್ಲ ಶುರು. ಗಾಡಿ ನಿಂತಲ್ಲೇ ಟ್ಯಾಂಕ್ ಖಾಲಿ ಮಾಡಿಸಬೇಕು. ಡ್ರೈವರ್‌ಗಳು ಪ್ರಾಮಾಣಿಕರು, ತಪ್ಪು ಮುಚ್ಚಿಡುವುದಿಲ್ಲ. ಅದೇ ಗಾಡಿ ಓಡಿಸಿಕೊಂಡು ಬಂದು ಆಫೀಸಿನಲ್ಲಿ ಹೇಳುತ್ತಾರೆ.